ಸಾಗರ ದಾಟುವ ಸೀಮೆಎಣ್ಣೆ

ವಿಮಾನ ಪ್ರಯಾಣ ಮತ್ತು ಹವಾಮಾನದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಾರು, ಬಸ್ಸು ಎಲ್ಲ ಬ್ಯಾಟರಿಗೆ ಬದಲಾಗುತ್ತಿವೆ, ವಿಮಾನ ಯಾವಾಗ? ಕೇಳುವವರ ದನಿಯಲ್ಲಿ ಒಂದು ನಂಬಿಕೆ ಇರುತ್ತದೆ. ಇನ್ನೊಂದು ಹತ್ತು ವರ್ಷ ಕಾದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ.

ಆ ನಂಬಿಕೆ ನನಗೂ ಬೇಕಿತ್ತು. ನನಗೆ ತೀರಾ ಬೇಕಾದವರು ಸಾಗರದಾಚೆ ಇದ್ದಾರೆ. ಅವರನ್ನು ನೋಡಲು ವಾರಗಟ್ಟಲೆ ಹಡಗಿನಲ್ಲಿ ಹೋಗುವುದು ಆಗದ ಮಾತು. ಹಾಗಾಗಿ ‘ವಿಮಾನ ಹತ್ತಲೇಬೇಡಿ’ ಎಂದು ಯಾರಿಗೂ ಹೇಳಲಾರೆ. ಆದರೆ ಹಾರುವಾಗಲೆಲ್ಲ ಅದರ ಹೊಗೆಯ ಲೆಕ್ಕ ಮನಸ್ಸನ್ನು ಕೊರೆಯುತ್ತದೆ. ಅದಕ್ಕೇ ದೂರದ ವಿಮಾನಗಳಿಗೆ ಯಾವ ಯಾವ ಇಂಧನ ಬರಬಹುದು ಎಂದು ಓದುತ್ತಾ ಬಂದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ಸಾಗರ ದಾಟುವ ವಿಮಾನ ನಮ್ಮ ಕಾಲದಲ್ಲಿ ಸೀಮೆಎಣ್ಣೆಯಲ್ಲೇ ಹಾರುತ್ತದೆ. ಆ ಸೀಮೆಎಣ್ಣೆಯೊಳಗಿನ ಇಂಗಾಲ ಎಲ್ಲಿಂದ ಬರುತ್ತದೆ ಅನ್ನುವುದನ್ನು ನಾವು ಬದಲಾಯಿಸಬಹುದು. ಇಡೀ ಹೋರಾಟ ಇರುವುದು ಅಲ್ಲಿ.

ಹೌದು, ಸೀಮೆಎಣ್ಣೆಯೇ. ಜೆಟ್ ಎ-1 ಎಂಬ ಹೆಸರಿನಲ್ಲಿ ವಿಮಾನಕ್ಕೆ ತುಂಬುವುದು ಚೆನ್ನಾಗಿ ಶುದ್ಧ ಮಾಡಿದ ಒಂದು ಬಗೆಯ ಸೀಮೆಎಣ್ಣೆ. ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೋಗುವ ತನಕ ಅದು ಹೆಪ್ಪುಗಟ್ಟಬಾರದು. ಒಂದು ಕೆ.ಜಿ.ಯಲ್ಲಿ ಸುಮಾರು 12 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಇರುತ್ತದೆ. ಆ ಒಂದು ಕೆ.ಜಿ. ಉರಿದರೆ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಂಡು 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಈಗ ಬ್ಯಾಟರಿಯ ಲೆಕ್ಕ ನೋಡೋಣ. ಬೋಯಿಂಗ್ 787-9 ವಿಮಾನದ ಟ್ಯಾಂಕುಗಳಲ್ಲಿ ಸುಮಾರು 100 ಟನ್ ಇಂಧನ ಹಿಡಿಯುತ್ತದೆ. ಅಂದರೆ 12 ಲಕ್ಷ ಯೂನಿಟ್ ಶಕ್ತಿ. ಇವತ್ತಿನ ಒಳ್ಳೆಯ ಲಿಥಿಯಂ ಬ್ಯಾಟರಿ ಒಂದು ಕೆ.ಜಿ.ಗೆ ಕಾಲು ಯೂನಿಟ್ ಹಿಡಿದಿಡುತ್ತದೆ. ವಿದ್ಯುತ್ ಮೋಟಾರು ಜೆಟ್ ಎಂಜಿನ್‌ಗಿಂತ ಎರಡು ಪಟ್ಟು ದಕ್ಷ ಎಂದು ಉದಾರವಾಗಿ ಲೆಕ್ಕ ಹಾಕಿದರೂ ಆ ವಿಮಾನಕ್ಕೆ 2,400 ಟನ್ ಬ್ಯಾಟರಿ ಬೇಕು. ಆದರೆ ಅದು ನೆಲ ಬಿಟ್ಟು ಏಳುವಾಗ ಎಲ್ಲ ಸೇರಿ ತೂಗಬಹುದಾದ್ದೇ 254 ಟನ್. ಇನ್ನೊಂದು ತೊಂದರೆಯೂ ಇದೆ. ಸೀಮೆಎಣ್ಣೆ ಉರಿಯುತ್ತಾ ಹೋದ ಹಾಗೆ ವಿಮಾನ ಹಗುರವಾಗುತ್ತದೆ, ಕೊನೆಯ ಗಂಟೆಗಳಲ್ಲಿ ಕಡಿಮೆ ಇಂಧನ ಸಾಕು. ಬ್ಯಾಟರಿ ಖಾಲಿಯಾದರೂ ಅಷ್ಟೇ ಭಾರ. ಹೊರಟಾಗಿನ ತೂಕವನ್ನು ಇಳಿಯುವ ತನಕ ಹೊರಲೇಬೇಕು.

ಬ್ಯಾಟರಿ ವಿಮಾನಗಳೇ ಇಲ್ಲ ಎಂದಲ್ಲ. ಪಿಪಿಸ್ಟ್ರೆಲ್ ಕಂಪನಿಯ ಎರಡು ಸೀಟಿನ ತರಬೇತಿ ವಿಮಾನಕ್ಕೆ ಯುರೋಪಿನ ಸುರಕ್ಷತಾ ಸಂಸ್ಥೆ 2020ರಲ್ಲೇ ಒಪ್ಪಿಗೆ ಕೊಟ್ಟಿದೆ. ಹತ್ತಿರದ ಊರುಗಳ ನಡುವೆ ಸಣ್ಣ ವಿಮಾನಗಳು ಇನ್ನೂ ಬರುತ್ತವೆ, ಬರಲಿ. ಆದರೆ ಹೊಗೆ ಇರುವುದು ಅಲ್ಲಲ್ಲ. ಯುರೋಪಿನ ವಿಮಾನ ಸಂಚಾರ ನೋಡಿಕೊಳ್ಳುವ ಯೂರೋಕಂಟ್ರೋಲ್ ಸಂಸ್ಥೆ 2020ರ ಯುರೋಪಿನ ಹಾರಾಟಗಳನ್ನು ಲೆಕ್ಕ ಹಾಕಿತ್ತು. 4,000 ಕಿಲೋಮೀಟರ್‌ಗಿಂತ ದೂರದ ಹಾರಾಟಗಳು ಒಟ್ಟು ಸಂಖ್ಯೆಯಲ್ಲಿ ಬರೀ 6%. ಇಂಗಾಲದಲ್ಲಿ ಅವುಗಳ ಪಾಲು ಅರ್ಧಕ್ಕೂ ಜಾಸ್ತಿ. ಈ ಅರ್ಧವನ್ನು ಬಿಟ್ಟು ಉಳಿದದ್ದರ ಬಗ್ಗೆ ಮಾತ್ರ ಸಂಭ್ರಮಿಸುವ ಸುದ್ದಿಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ.

ಹೈಡ್ರೋಜನ್ ಕತೆ ಬೇರೆ. ತೂಕದಲ್ಲಿ ಅದನ್ನು ಮೀರಿಸಿದ ಇಂಧನವಿಲ್ಲ. ಒಂದು ಕೆ.ಜಿ.ಯಲ್ಲಿ 33 ಯೂನಿಟ್, ಸೀಮೆಎಣ್ಣೆಯ ಸುಮಾರು ಮೂರು ಪಟ್ಟು. ಉರಿದರೆ ನೀರಿನ ಆವಿ, ಇಂಗಾಲ ಇಲ್ಲವೇ ಇಲ್ಲ. ಇದೇನು ಹೊಸ ಕನಸೂ ಅಲ್ಲ. ಸೋವಿಯತ್ ಒಕ್ಕೂಟದ ಟುಪೊಲೆವ್ ಟಿಯು-155 ವಿಮಾನ 1988ರ ಏಪ್ರಿಲ್‌ನಲ್ಲೇ ತನ್ನ ಮೂರು ಎಂಜಿನ್‌ಗಳಲ್ಲಿ ಒಂದನ್ನು ದ್ರವ ಹೈಡ್ರೋಜನ್‌ನಿಂದ ಓಡಿಸಿ ಹಾರಿ ತೋರಿಸಿತು.

ಹಾಗಿದ್ದರೆ ಮತ್ತೇಕೆ ತಡ? ಕಾರಣ ಜಾಗ. ಹೈಡ್ರೋಜನ್ ದ್ರವವಾಗಬೇಕಾದರೆ ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣ್ಣಗಿರಬೇಕು. ಅಷ್ಟು ತಣಿಸಿದ ಮೇಲೂ ಅಷ್ಟೇ ಶಕ್ತಿಗೆ ಸೀಮೆಎಣ್ಣೆಯ ನಾಲ್ಕು ಪಟ್ಟು ಜಾಗ ಬೇಡುತ್ತದೆ. ಅದೇ 787-9ಕ್ಕೆ ಬೇಕಾದ ಹೈಡ್ರೋಜನ್ ಸುಮಾರು 36 ಟನ್, ಆದರೆ 500 ಘನ ಮೀಟರ್. ಇಂದು ಇಂಧನ ಇರುವುದು ಹೆಚ್ಚಾಗಿ ರೆಕ್ಕೆಗಳ ಒಳಗೆ. ಇಷ್ಟು ತಣ್ಣಗಿನ ದ್ರವಕ್ಕೆ ದಪ್ಪ ಹೊದಿಕೆಯ ಗುಂಡನೆಯ ಟ್ಯಾಂಕ್ ಬೇಕು, ಅದು ತೆಳ್ಳನೆಯ ರೆಕ್ಕೆಯಲ್ಲಿ ಹಿಡಿಯದು. ವಿಮಾನದ ಹೊಟ್ಟೆಯೊಳಗೇ ಇಡಬೇಕು. 63 ಮೀಟರ್ ಉದ್ದದ ಆ ವಿಮಾನದಲ್ಲಿ ಸುಮಾರು 20 ಮೀಟರ್ ಪೂರ್ತಿ ಟ್ಯಾಂಕಿಗೇ ಹೋಗುತ್ತದೆ. ಜನ ಕೂರುವ ಜಾಗದ ದೊಡ್ಡ ಪಾಲು ಹೋಯಿತು, ಅಲ್ವಾ? ಅಂದರೆ ವಿಮಾನವನ್ನೇ ಹೊಸದಾಗಿ ಕಲ್ಪಿಸಬೇಕು. ಅದು ಇಳಿಯುವ ಪ್ರತಿ ವಿಮಾನ ನಿಲ್ದಾಣದಲ್ಲೂ ದ್ರವ ಹೈಡ್ರೋಜನ್ ಸಿಗಬೇಕು. ಏರ್‌ಬಸ್ 2020ರಲ್ಲಿ ಹೈಡ್ರೋಜನ್ ವಿಮಾನವನ್ನು 2035ಕ್ಕೆ ತರುತ್ತೇವೆ ಎಂದು ಸಾರಿತ್ತು. 2025ರಲ್ಲಿ ಆ ಗುರಿ ಮುಂದಕ್ಕೆ ಹೋಯಿತು. ಅವರ ಚಿತ್ರಗಳಲ್ಲಿದ್ದ ವಿಮಾನಗಳೂ ಹತ್ತಿರದ, ಮಧ್ಯಮ ದೂರದವು. ಒಂದೇ ಏಟಿಗೆ ಖಂಡ ದಾಟುವಂಥವಲ್ಲ. ಹೈಡ್ರೋಜನ್ ಬಗ್ಗೆ ನನಗೆ ಆಸೆ ಇದೆ. ಆದರೆ ಇವತ್ತು ಕಾರ್ಖಾನೆಯಿಂದ ಹೊರಬರುವ ವಿಮಾನ ಇನ್ನೂ 25 ವರ್ಷ ಹಾರುತ್ತದೆ. ಅದರ ಹೊಟ್ಟೆಗೆ ಏನು ಹಾಕುತ್ತೀರಿ ಎಂಬ ಪ್ರಶ್ನೆಗೆ ಹೈಡ್ರೋಜನ್‌ನಲ್ಲಿ ಉತ್ತರ ಇಲ್ಲ.

ಅಮೋನಿಯದ ಮಾತೂ ಆಗಾಗ ಬರುತ್ತದೆ. ಅಮೆರಿಕದ ಎಕ್ಸ್-15 ರಾಕೆಟ್ ವಿಮಾನ ಅಮೋನಿಯದಲ್ಲೇ ಹಾರಿತ್ತು. ಆದರೆ ತೂಕಕ್ಕೆ ಸೀಮೆಎಣ್ಣೆಯ ಅರ್ಧದಷ್ಟೂ ಶಕ್ತಿ ಇಲ್ಲ, ಮೇಲಾಗಿ ವಿಷ. ದೂರದ ಪ್ರಯಾಣಕ್ಕೆ ಅದನ್ನು ಇಲ್ಲಿಗೇ ಬಿಡೋಣ.

ಹೀಗೆ ಸುತ್ತಿ ಬಳಸಿ ಮತ್ತೆ ಸೀಮೆಎಣ್ಣೆಗೇ ಬರುತ್ತೇವೆ. ಹೊಸ ಮೂಲಗಳಿಂದ ಮಾಡಿದ ಸೀಮೆಎಣ್ಣೆಯನ್ನು ಈ ಕ್ಷೇತ್ರದವರು ಸ್ಯಾಫ್ ಎನ್ನುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಸ್ಯಾಫ್ ಉರಿದರೆ ಇಂಗಾಲ ಬರುವುದಿಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಎಂಜಿನ್ನಿನ ಹಿಂದೆ ಬರುವ ಡೈಆಕ್ಸೈಡ್ ಹೆಚ್ಚು ಕಡಿಮೆ ಅಷ್ಟೇ. ವ್ಯತ್ಯಾಸ ಇರುವುದು ಹಿಂದಿನ ಕತೆಯಲ್ಲಿ. ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲವನ್ನು ತೆಗೆದು ಸುಟ್ಟರೆ ಗಾಳಿಯಲ್ಲಿ ಅಷ್ಟೂ ಹೊಸದಾಗಿ ಸೇರುತ್ತದೆ. ಹೋದ ವರ್ಷ ಗಿಡವೊಂದು ಗಾಳಿಯಿಂದ ಹೀರಿದ ಇಂಗಾಲವನ್ನು ಸುಟ್ಟರೆ ತಂದ ಸಾಲ ತೀರಿಸಿದ ಹಾಗೆ, ಲೆಕ್ಕ ಸರಿಹೋಗುತ್ತದೆ. ಆದರೆ ಗಿಡ ಬೆಳೆಸಲು ಗೊಬ್ಬರ, ಸಾಗಿಸಲು ಲಾರಿ, ಸಂಸ್ಕರಿಸಲು ಹೈಡ್ರೋಜನ್ ಬೇಕು. ಅವೆಲ್ಲದರ ಹೊಗೆಯನ್ನೂ ಕೂಡಿಸಬೇಕು. ಜಾಹೀರಾತುಗಳಲ್ಲಿ ‘80% ವರೆಗೆ ಕಡಿತ’ ಎಂದು ಬರೆದಿರುತ್ತಾರಲ್ಲ, ಆ ‘ವರೆಗೆ’ಯನ್ನು ದಯವಿಟ್ಟು ಗಮನಿಸಿ. ಕಚ್ಚಾವಸ್ತು ಬದಲಾದರೆ ಅಂಕಿಯೂ ಬದಲಾಗುತ್ತದೆ.

ತಂತ್ರಜ್ಞಾನ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. 2008ರ ಫೆಬ್ರುವರಿಯಲ್ಲಿ ವರ್ಜಿನ್ ಅಟ್ಲಾಂಟಿಕ್‌ನ ಜಂಬೋ ವಿಮಾನವೊಂದು ಪ್ರಯಾಣಿಕರಿಲ್ಲದೆ ಲಂಡನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹಾರಿತು. ನಾಲ್ಕರಲ್ಲಿ ಒಂದು ಎಂಜಿನ್‌ಗೆ ಮಾತ್ರ ತೆಂಗು ಮತ್ತು ಬಬಾಸು ಎಂಬ ತಾಳೆ ಜಾತಿಯ ಮರದ ಎಣ್ಣೆಯ 20% ಮಿಶ್ರಣ. 2023ರ ನವೆಂಬರ್ 28ರಂದು ಅದೇ ಕಂಪನಿಯ 787 ವಿಮಾನ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಪೂರ್ತಿ ಸ್ಯಾಫ್‌ನಲ್ಲೇ ಅಟ್ಲಾಂಟಿಕ್ ದಾಟಿತು. ಅದರಲ್ಲಿ 88% ಬಳಸಿದ ಎಣ್ಣೆ, ಕೊಬ್ಬುಗಳಿಂದ ಬಂದದ್ದು. ಉಳಿದ 12% ಅರೋಮ್ಯಾಟಿಕ್ ಎಂಬ ರಾಸಾಯನಿಕಗಳಿಗಾಗಿ ಬೇರೆಯೇ ಮಾಡಿದ್ದು. ಈ ಅರೋಮ್ಯಾಟಿಕ್‌ಗಳ ವಿಷಯ ಸ್ವಲ್ಪ ವಿಚಿತ್ರ. ಹಳೆಯ ಎಂಜಿನ್‌ಗಳಲ್ಲಿ ಇಂಧನ ಸೋರದಂತೆ ಹಾಕಿರುವ ರಬ್ಬರ್ ಬಳೆಗಳು ಇವುಗಳಿಂದಲೇ ಉಬ್ಬಿ ಬಿಗಿಯಾಗಿರುತ್ತವೆ. ಸ್ಯಾಫ್‌ನಲ್ಲಿ ಸಾಮಾನ್ಯವಾಗಿ ಇವು ಇರುವುದಿಲ್ಲ. ಹಾಗಾಗಿ ಇಂದಿನ ನಿಯಮದಲ್ಲಿ ಹೆಚ್ಚೆಂದರೆ ಅರ್ಧದಷ್ಟು ಮಾತ್ರ ಬೆರೆಸಬಹುದು.

ಇದೇ ಅರೋಮ್ಯಾಟಿಕ್‌ಗಳೇ ಉರಿದಾಗ ಮಸಿ ಮಾಡುತ್ತವೆ. ಆಕಾಶದಲ್ಲಿ ವಿಮಾನದ ಹಿಂದೆ ಬಿಳಿ ಗೆರೆ ಕಾಣುತ್ತದಲ್ಲ, ಅದು ಮಸಿಯ ಕಣಗಳ ಸುತ್ತ ಕಟ್ಟಿದ ಮಂಜುಗಡ್ಡೆಯ ಹರಳುಗಳು. ಕೆಲವೊಮ್ಮೆ ಆ ಗೆರೆ ಹರಡಿ ತೆಳು ಮೋಡವಾಗಿ ಗಂಟೆಗಟ್ಟಲೆ ನಿಂತು ಭೂಮಿಯ ಶಾಖವನ್ನು ತಡೆಹಿಡಿಯುತ್ತದೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ವಿಮಾನಗಳು ತರುವ ಬಿಸಿಯಲ್ಲಿ ಸುಮಾರು ಮೂರನೇ ಎರಡು ಪಾಲು ಇಂಥ, ಡೈಆಕ್ಸೈಡ್ ಅಲ್ಲದ ಕಾರಣಗಳಿಂದ. ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಡಿಎಲ್ಆರ್ ಮತ್ತು ಏರ್‌ಬಸ್ ಮುಂತಾದವರು ಎ350 ವಿಮಾನಕ್ಕೆ ಪೂರ್ತಿ ಸ್ಯಾಫ್ ತುಂಬಿ, ಹಿಂದೆ ಇನ್ನೊಂದು ವಿಮಾನದಲ್ಲಿ ಹಾರಿ ಅಳೆದರು. ಮಂಜಿನ ಹರಳುಗಳು 56% ಕಡಿಮೆಯಾಗಿದ್ದವು. ಈ ಲಾಭದ ಬಗ್ಗೆ ಯಾಕೋ ಜನ ಮಾತಾಡುವುದು ಕಡಿಮೆ. ನನಗಂತೂ ಸ್ಯಾಫ್ ಪರವಾಗಿ ಇರುವ ಅತಿ ಬಲವಾದ ವಾದಗಳಲ್ಲಿ ಇದೂ ಒಂದು.

ತೊಂದರೆ ಇರುವುದು ಪ್ರಮಾಣದಲ್ಲಿ. 2024ರಲ್ಲಿ ಇಡೀ ಜಗತ್ತು ತಯಾರಿಸಿದ ಸ್ಯಾಫ್ ಸುಮಾರು 10 ಲಕ್ಷ ಟನ್. ವಿಮಾನ ಇಂಧನದ ಬರೀ 0.3%. ಅದರಲ್ಲೂ ಬಹುಪಾಲು ಬಂದದ್ದು ಒಂದೇ ದಾರಿಯಿಂದ, ಎಣ್ಣೆ ಮತ್ತು ಕೊಬ್ಬಿಗೆ ಹೈಡ್ರೋಜನ್ ಸೇರಿಸುವ ದಾರಿ. ಇದರಲ್ಲಿ ಕರಿದು ಉಳಿದ ಎಣ್ಣೆಗೆ ಒಳ್ಳೆಯ ಹೆಸರಿದೆ. ಆದರೆ ವಿಮಾನ ಹಾರಲಿ ಎಂದು ಯಾರೂ ಜಾಸ್ತಿ ಕರಿಯುವುದಿಲ್ಲ. ಸಿಗುವಷ್ಟೇ ಸಿಗುತ್ತದೆ. ಅದರಲ್ಲೂ ದೊಡ್ಡ ಪಾಲು ಮೊದಲೇ ಲಾರಿಗಳ ಡೀಸೆಲ್ಲಿಗೆ ಹೋಗುತ್ತಿತ್ತು. ಅದನ್ನು ಅಲ್ಲಿಂದ ಕಿತ್ತು ವಿಮಾನಕ್ಕೆ ಹಾಕಿದರೆ ಲಾರಿ ಮತ್ತೆ ನೆಲದಡಿಯ ಡೀಸೆಲ್ಲಿಗೆ ಹೋಗುತ್ತದೆ. ಭೂಮಿಗೆ ಏನು ಸಿಕ್ಕಿತು? ಬೇಡಿಕೆ ಏರಿದಂತೆ ತಾಜಾ ತಾಳೆ ಎಣ್ಣೆಗೇ ‘ಬಳಸಿದ ಎಣ್ಣೆ’ ಎಂಬ ಚೀಟಿ ಅಂಟಿಸಿ ಮಾರುತ್ತಾರೆ ಅನ್ನುವ ಅನುಮಾನವೂ ಬಲವಾಗಿದೆ. ಕಾಡು ಕಡಿದು ಬೆಳೆದ ತಾಳೆಯಾದರೆ ಲಾಭ ಇರಲಿ, ನಷ್ಟವೇ ಆಗುತ್ತದೆ.

ಬೇರೆ ಎಣ್ಣೆ ಬೆಳೆಗಳ ಕತೆ ನನಗೆ ಎಚ್ಚರಿಕೆಯಂತೆ ಕಾಣುತ್ತದೆ. 2008ರ ಕೊನೆಯಲ್ಲಿ ಏರ್ ನ್ಯೂಜಿಲೆಂಡ್ ಒಂದು ಎಂಜಿನ್‌ಗೆ ಜಟ್ರೋಫಾ ಎಣ್ಣೆಯಿಂದ ಮಾಡಿದ ಅರ್ಧ ಮಿಶ್ರಣ ತುಂಬಿ ಹಾರಿಸಿ ನೋಡಿತು. ಆಗ ಜಟ್ರೋಫಾದ ಬಗ್ಗೆ ಎಲ್ಲೆಲ್ಲೂ ಹುಮ್ಮಸ್ಸು. ಬಂಜರು ನೆಲದಲ್ಲಿ ಬೆಳೆಯುತ್ತದೆ, ನೀರು ಬೇಡ, ದನ ಮುಟ್ಟುವುದಿಲ್ಲ ಎಂದೆಲ್ಲ ಹೇಳಿದರು. ಗಿಡವೇನೋ ಬಂಜರಿನಲ್ಲಿ ಬದುಕಿತು. ಕಾಯಿ ಮಾತ್ರ ಹೇಳಿದಷ್ಟು ಬಿಡಲಿಲ್ಲ. ಒಳ್ಳೆಯ ಇಳುವರಿ ಬೇಕಾದರೆ ಒಳ್ಳೆಯ ನೆಲ, ನೀರು, ಗೊಬ್ಬರ ಬೇಕಾಯಿತು. ಅವೆಲ್ಲ ಇದ್ದರೆ ಊಟದ ಬೆಳೆಯನ್ನೇ ಬೆಳೆಯಬಹುದಿತ್ತು. ಮಾತು ನಂಬಿ ಗಿಡ ನೆಟ್ಟ ರೈತರು ಹಲವು ದೇಶಗಳಲ್ಲಿ ನಷ್ಟ ಅನುಭವಿಸಿದರು. ಊಟಕ್ಕೂ ಇಂಧನಕ್ಕೂ ಒಂದೇ ಹೊಲ ಬೇಕಾದಾಗ ಸೋಲುವುದು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಬೆಳೆಯಿಂದ ಮಾಡುವ ಇಂಧನವನ್ನು ದೊಡ್ಡ ಮಟ್ಟದಲ್ಲಿ ಬೆಂಬಲಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಎಥನಾಲ್‌ನಿಂದ ಸೀಮೆಎಣ್ಣೆ ಮಾಡುವ ದಾರಿಯೂ ಇದೆ. ಅಮೆರಿಕದ ಜಾರ್ಜಿಯಾದಲ್ಲಿ ಲಾಂಜಾಜೆಟ್ ಕಂಪನಿ 2024ರಲ್ಲಿ ಇಂಥ ಕಾರ್ಖಾನೆ ಉದ್ಘಾಟಿಸಿತು. ಊರಿನ ಕಸದಿಂದ ಇಂಧನ ಮಾಡುತ್ತೇವೆ ಎಂದು ನೆವಾಡಾದಲ್ಲಿ ಫುಲ್‌ಕ್ರಮ್ ಕಟ್ಟಿದ ಕಾರ್ಖಾನೆ ಸರಿಯಾಗಿ ಓಡಲಿಲ್ಲ. ಕಂಪನಿ 2024ರಲ್ಲೇ ದಿವಾಳಿ ಅರ್ಜಿ ಹಾಕಿತು. ಹುಲ್ಲು, ಕಟ್ಟಿಗೆಯ ಪುಡಿ, ಕಸ ಇವುಗಳಲ್ಲಿ ಇಂಗಾಲ ಬೇಕಾದಷ್ಟಿದೆ. ಆದರೆ ಅವು ಒಂದೇ ಥರ ಇರುವುದಿಲ್ಲ. ಅದೇ ಕಷ್ಟ.

ಹಾಗಾಗಿ ನನ್ನ ಗಮನ ಹೆಚ್ಚಾಗಿ ನಿಲ್ಲುವುದು ಕೊನೆಯ ದಾರಿಯ ಮೇಲೆ. ಗಾಳಿಯಿಂದಲೇ ಇಂಗಾಲ ತೆಗೆದು, ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆದು, ಎರಡನ್ನೂ ಬೆಸೆದು ಸೀಮೆಎಣ್ಣೆ ಮಾಡುವುದು. ಇ-ಸೀಮೆಎಣ್ಣೆ. ಬೆಸೆಯುವ ವಿದ್ಯೆ ನೂರು ವರ್ಷ ಹಳೆಯದು. ಜರ್ಮನಿಯ ಫ್ರಾಂಜ್ ಫಿಶರ್ ಮತ್ತು ಹಾನ್ಸ್ ಟ್ರಾಪ್ಶ್ 1920ರ ದಶಕದಲ್ಲಿ ಕಂಡುಹಿಡಿದದ್ದು. ಅವರಿಗೆ ಇಂಗಾಲ ಸಿಕ್ಕಿದ್ದು ಕಲ್ಲಿದ್ದಲಿನಿಂದ. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ ಕಲ್ಲಿದ್ದಲಿನಿಂದ ಮಾಡಿದ ಇಂಧನವನ್ನು ವರ್ಷಗಳಿಂದ ವಿಮಾನಗಳಿಗೆ ಕೊಡುತ್ತಿದೆ. ಅಂದರೆ ಈ ವಿದ್ಯೆಯಿಂದ ಬಂದ ಇಂಧನ ವಿಮಾನಕ್ಕೆ ಒಗ್ಗುತ್ತದೆ ಎಂಬುದು ಸಾಬೀತಾಗಿದೆ. ಕಲ್ಲಿದ್ದಲಿನ ಜಾಗದಲ್ಲಿ ಗಾಳಿ ಬರಬೇಕು, ಅಷ್ಟೇ. 2021ರಲ್ಲಿ ಕೆಎಲ್‌ಎಂ ವಿಮಾನವೊಂದು ಡೈಆಕ್ಸೈಡ್, ನೀರು, ವಿದ್ಯುತ್ತಿನಿಂದ ಶೆಲ್ ತಯಾರಿಸಿದ 500 ಲೀಟರ್ ಇಂಧನವನ್ನು ಬೆರೆಸಿಕೊಂಡು ಆಮ್‌ಸ್ಟರ್‌ಡ್ಯಾಮ್‌ನಿಂದ ಮ್ಯಾಡ್ರಿಡ್‌ಗೆ ಹಾರಿತು.

ಈ ದಾರಿಗೆ ಹೊಲ ಬೇಡ. ಆದರೆ ಇದು ವಿದ್ಯುತ್ ನುಂಗುತ್ತದೆ. ಒಂದು ಕೆ.ಜಿ. ಇ-ಸೀಮೆಎಣ್ಣೆಗೆ ಕಡಿಮೆಯೆಂದರೂ 3.1 ಕೆ.ಜಿ. ಡೈಆಕ್ಸೈಡ್, 0.43 ಕೆ.ಜಿ. ಹೈಡ್ರೋಜನ್ ಬೇಕು. ಒಂದು ಕೆ.ಜಿ. ಹೈಡ್ರೋಜನ್ ತೆಗೆಯಲು 50 ಯೂನಿಟ್‌ಗೂ ಜಾಸ್ತಿ ವಿದ್ಯುತ್. ಇಂಗಾಲ ಹಿಡಿಯುವ ಖರ್ಚೂ ಸೇರಿದರೆ, 12 ಯೂನಿಟ್ ಶಕ್ತಿಯ ಒಂದು ಕೆ.ಜಿ. ಇಂಧನಕ್ಕೆ 25ರಿಂದ 30 ಯೂನಿಟ್ ಹಾಕಬೇಕು. ಇದು ಒಳ್ಳೆಯ ಸ್ಥಿತಿಯ ಲೆಕ್ಕ, ನಿಜದಲ್ಲಿ ಇನ್ನೂ ಏರಬಹುದು. ಹತ್ತು ಗಂಟೆ ಹಾರುವ 787 ಸುಮಾರು 50 ಟನ್ ಇಂಧನ ಸುಡುತ್ತದೆ. ಆ ಒಂದೇ ಹಾರಾಟಕ್ಕಾಗಿ 5 ಮೆಗಾವಾಟ್‌ನ ದೊಡ್ಡ ಗಾಳಿಯಂತ್ರವೊಂದು ಸುಮಾರು ಒಂದು ತಿಂಗಳು ತಿರುಗಬೇಕು. ಐಸ್‌ಲೆಂಡ್‌ನಲ್ಲಿ 2021ರಲ್ಲಿ ಶುರುವಾದ ಓರ್ಕಾ ಸ್ಥಾವರ ಗಾಳಿಯಿಂದ ವರ್ಷಕ್ಕೆ 4,000 ಟನ್ ಡೈಆಕ್ಸೈಡ್ ಹಿಡಿಯಲೆಂದು ಕಟ್ಟಿದ್ದು. ಅದು ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೂ ಇಂಥ 25 ಹಾರಾಟಗಳ ಇಂಗಾಲ ಅಷ್ಟೇ.

ಜಗತ್ತಿನ ವಿಮಾನಗಳು ವರ್ಷಕ್ಕೆ ಸುಮಾರು 30 ಕೋಟಿ ಟನ್ ಇಂಧನ ಸುಡುತ್ತವೆ. ಅಷ್ಟನ್ನೂ ಹೀಗೆ ಮಾಡಲು 7.5ರಿಂದ 9 ಲಕ್ಷ ಕೋಟಿ ಯೂನಿಟ್ ಬೇಕು. ಇಡೀ ಜಗತ್ತು ಇಂದು ಎಲ್ಲ ಕೆಲಸಕ್ಕೂ ಸೇರಿ ಉತ್ಪಾದಿಸುವ ವಿದ್ಯುತ್ ಸುಮಾರು 30 ಲಕ್ಷ ಕೋಟಿ ಯೂನಿಟ್. ಕಡಿಮೆಯೆಂದರೂ ನಾಲ್ಕನೇ ಒಂದು ಪಾಲು! ಈ ಲೆಕ್ಕ ಹಾಕಿ ಮುಗಿಸಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಆ ವಿದ್ಯುತ್ ಕಲ್ಲಿದ್ದಲಿನದಾಗಿದ್ದರಂತೂ ಅನಾಹುತ. ಒಂದು ಯೂನಿಟ್‌ಗೆ ಸುಮಾರು 0.9 ಕೆ.ಜಿ. ಡೈಆಕ್ಸೈಡ್ ಎಂದು ಹಿಡಿದರೂ ಮಾಮೂಲಿ ಸೀಮೆಎಣ್ಣೆ ಸುಡುವುದಕ್ಕಿಂತ ಏಳು ಪಟ್ಟು ಹೊಗೆ. ಹೊಸದಾಗಿ ಕಟ್ಟಿದ ಸೌರ ಅಥವಾ ಗಾಳಿ ವಿದ್ಯುತ್ ಆದರೂ ಒಂದು ನ್ಯಾಯದ ಪ್ರಶ್ನೆ ಉಳಿಯುತ್ತದೆ. ಅದೇ ವಿದ್ಯುತ್ತಿನಿಂದ ಒಂದು ಕಲ್ಲಿದ್ದಲು ಸ್ಥಾವರವನ್ನು ನಿಲ್ಲಿಸಿದರೆ ಇಂದು ಹೆಚ್ಚು ಹೊಗೆ ತಪ್ಪುತ್ತದೆ. ಹಾಗಾದರೆ ವಿಮಾನ ಕಾಯಲಿ ಎನ್ನುವವರ ವಾದವನ್ನು ನಾನು ಗೌರವಿಸುತ್ತೇನೆ. ಆದರೂ ಒಪ್ಪುವುದಿಲ್ಲ. ಇಂಥ ಕಾರ್ಖಾನೆ ಕಟ್ಟಲು ವರ್ಷಗಳು ಬೇಕು. ಮೊದಲನೆಯದು ಎಡವುತ್ತದೆ, ಹತ್ತನೆಯದು ಸರಿಯಾಗಿ ಓಡುತ್ತದೆ. ಸೌರ ಫಲಕಗಳ ಬೆಲೆ 2010ರ ದಶಕದಲ್ಲಿ ಕುಸಿದದ್ದು ಯಾರೋ ಮೊದಲು ದುಬಾರಿ ಬೆಲೆಗೆ ಕೊಂಡಿದ್ದರಿಂದ. ಸ್ವಚ್ಛ ವಿದ್ಯುತ್ ಬೇಕಾದಷ್ಟು ಸಿಗುವ ದಿನ ಬಂದಾಗ ಈ ವಿದ್ಯೆ ಕೈಯಲ್ಲಿ ಪಳಗಿರಬೇಕು. ಅದಕ್ಕಾಗಿ ಈಗಲೇ ಸಣ್ಣದಾಗಿ, ಆದರೆ ನಿಲ್ಲಿಸದೆ ಶುರು ಮಾಡಬೇಕು.

ಯುರೋಪಿನ ಒಕ್ಕೂಟ ಇದನ್ನೇ ಕಾನೂನು ಮಾಡಿದೆ. ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ತುಂಬುವ ಇಂಧನದಲ್ಲಿ 2025ರಿಂದ 2% ಸ್ಯಾಫ್ ಇರಬೇಕು. 2030ಕ್ಕೆ 6%, 2050ಕ್ಕೆ 70%. ಆ 70%ರಲ್ಲಿ ಅರ್ಧ, ಅಂದರೆ 35%, ಇ-ಸೀಮೆಎಣ್ಣೆಯಂಥ ಕೃತಕ ಇಂಧನವೇ ಆಗಿರಬೇಕು. ಬ್ರಿಟನ್ 2030ಕ್ಕೆ 10% ಎಂದಿದೆ. ಬಳಸಿದ ಎಣ್ಣೆ, ಕೊಬ್ಬು ಸಿಗುವುದು ಇಷ್ಟೇ ಎಂದು ತಿಳಿದು ಕೃತಕ ಇಂಧನಕ್ಕೆ ಬೇರೆಯೇ ಪಾಲು ಇಟ್ಟಿರುವುದು ನನಗೆ ಬಹಳ ಹಿಡಿಸಿತು.

ಹಣದ ಮಾತು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಸ್ಯಾಫ್‌ಗೆ 2024ರಲ್ಲಿ ಮಾಮೂಲಿ ಇಂಧನದ ಸುಮಾರು ಮೂರು ಪಟ್ಟು ಬೆಲೆ ಇತ್ತು. ಇ-ಸೀಮೆಎಣ್ಣೆ ಅದಕ್ಕಿಂತ ಜಾಸ್ತಿ. ಆದರೆ ವಿಮಾನ ಕಂಪನಿಯ ಒಟ್ಟು ಖರ್ಚಿನಲ್ಲಿ ಇಂಧನ ಸುಮಾರು ಕಾಲು ಭಾಗ. ಮೂರು ಪಟ್ಟು ಬೆಲೆಯ ಸ್ಯಾಫ್ ಅನ್ನು 10% ಬೆರೆಸಿದರೆ ಇಂಧನದ ಖರ್ಚು 20% ಏರುತ್ತದೆ, ಟಿಕೆಟ್ ಸುಮಾರು 5%. ಇದನ್ನು ತಡೆಯಲಾಗದ ಹೊರೆ ಎಂದು ನಾನು ಒಪ್ಪಲಾರೆ. 70% ಬೆರೆಸುವ ದಿನ ಟಿಕೆಟ್ ನಿಜವಾಗಿಯೂ ದುಬಾರಿಯಾಗುತ್ತದೆ. ಆಗ ಕೆಲವು ಪ್ರಯಾಣಗಳು ನಿಲ್ಲುತ್ತವೆ. ರೈಲಿನಲ್ಲಿ ಹೋಗಬಹುದಾದ ಕಡೆ, ವಿಡಿಯೊ ಕರೆಯಲ್ಲಿ ಮುಗಿಯುವ ಸಭೆಗಳಿಗೆ, ಅವು ನಿಲ್ಲಬೇಕಾದ್ದೇ. ಇಷ್ಟು ಕಷ್ಟಪಟ್ಟು ಮಾಡಿದ ಇಂಧನ ಬೇರೆ ದಾರಿಯೇ ಇಲ್ಲದ ಪ್ರಯಾಣಕ್ಕೆ ಉಳಿಯಬೇಕು.

ಕಾರ್ಖಾನೆಗಳು ಏಳದಿರುವುದಕ್ಕೆ ಕಾರಣ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಒಪ್ಪಂದ. ಡೆನ್ಮಾರ್ಕ್‌ನ ಓರ್ಸ್ಟೆಡ್ ಕಂಪನಿ ಸ್ವೀಡನ್‌ನಲ್ಲಿ ಹಡಗುಗಳಿಗಾಗಿ ಇ-ಮೆಥನಾಲ್ (ಇ-ಸೀಮೆಎಣ್ಣೆಯಂತೆ ವಿದ್ಯುತ್ತಿನಿಂದ ಮಾಡುವ ಇಂಧನ) ಕಾರ್ಖಾನೆ ಕಟ್ಟುತ್ತಿತ್ತು. 2024ರಲ್ಲಿ ಅರ್ಧಕ್ಕೇ ಕೈಬಿಟ್ಟಿತು. ಖರ್ಚು ಏರಿತ್ತು, ಹೊಂದುವ ಬೆಲೆಗೆ ದೀರ್ಘ ಕಾಲ ಕೊಳ್ಳುತ್ತೇವೆ ಎಂದು ಸಹಿ ಹಾಕುವವರು ಸಿಗಲಿಲ್ಲ. ವಿಮಾನ ಇಂಧನಕ್ಕೂ ಇದೇ ಗತಿ ಬರಬಾರದು. ಬ್ರಿಟನ್ ಸಮುದ್ರದ ಗಾಳಿಯಂತ್ರಗಳಿಗೆ ಮಾಡಿದ ಏರ್ಪಾಡು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉತ್ಪಾದಕರಿಗೆ ಒಂದು ಬೆಲೆ ಖಾತ್ರಿ ಮಾಡಿ, ಮಾರುಕಟ್ಟೆ ಬೆಲೆ ಅದಕ್ಕಿಂತ ಕಡಿಮೆಯಾದರೆ ವ್ಯತ್ಯಾಸ ತುಂಬಿಕೊಡುವುದು, ಹೆಚ್ಚಾದರೆ ವಾಪಸ್ ಪಡೆಯುವುದು. ಹಾಗೆ ಖಾತ್ರಿ ಕೊಡಲು ಹಣ ಬೇಕು. 2020ರ ಒಂದು ಅಧ್ಯಯನದ ಪ್ರಕಾರ ಪ್ರಯಾಣಿಕ ವಿಮಾನಗಳ ಹೊಗೆಯಲ್ಲಿ ಅರ್ಧದಷ್ಟಕ್ಕೆ ಜಗತ್ತಿನ ಹೆಚ್ಚೆಂದರೆ 1% ಜನ ಕಾರಣ. ಫ್ರಾನ್ಸ್ 2006ರಲ್ಲೇ ಬಡ ದೇಶಗಳ ಆರೋಗ್ಯಕ್ಕಾಗಿ ವಿಮಾನ ಟಿಕೆಟ್‌ನ ಮೇಲೆ ಒಂದು ಸಣ್ಣ ಶುಲ್ಕ ಶುರು ಮಾಡಿತು. ದೂರಕ್ಕೆ ಹೆಚ್ಚು, ಬಿಸಿನೆಸ್ ಕ್ಲಾಸ್‌ಗೆ ಇನ್ನೂ ಹೆಚ್ಚು. ಅದೇ ಮಾದರಿಯಲ್ಲಿ ಇಂಧನಕ್ಕೂ ಒಂದು ಶುಲ್ಕ ಬರಲಿ. ಒಂದೇ ವರ್ಷದಲ್ಲಿ ಪದೇ ಪದೇ ಸಾಗರ ದಾಟುವವರ ಟಿಕೆಟ್‌ನಲ್ಲಿ ಅದು ಜಾಸ್ತಿ ಇರಲಿ, ನನ್ನ ಟಿಕೆಟ್‌ನಲ್ಲೂ ಇರಲಿ.